ಭಾನುವಾರದ ಸ್ಲೈಡ್ ಸೆಷನ್: ಎಂಡಿ ಪೆಥಾಲಜಿ ಗುಂಪಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಬೆಳಗಾವಿಯಲ್ಲಿ, ನಮ್ಮ ಡಿಪಾರ್ಟ್‌ಮೆಂಟಿನ ಮಲ್ಟಿಹೆಡ್ ಮೈಕ್ರೋಸ್ಕೋಪಿನಲ್ಲಿ (ಹಲವರು ಒಟ್ಟಿಗೆ ಒಂದೇ ಸ್ಲೈಡ್ ನೋಡಬಹುದಾದದ್ದು) ಸ್ತನ ಕ್ಯಾನ್ಸರ್ ಸ್ಲೈಡ್ ನೋಡೋಣ. ಮೊದಲ ವರ್ಷದ ಪಿಜಿಗಳು ತಪ್ಪದೆ ಬನ್ನಿ. ವಿಜಯಪುರ, ಬಾಗಲಕೋಟೆಯವರಿಗೆ ವಿಡಿಯೊ ಲಿಂಕ್ ಕಳಿಸುತ್ತೇನೆ.

ನಾಟಿಂಗ್‌ಹ್ಯಾಮ್ ಗ್ರೇಡಿಂಗ್ (ಸ್ತನ ಕ್ಯಾನ್ಸರ್ ಎಷ್ಟು ಉಗ್ರ ಎಂದು ಅಂಕ ಕೊಟ್ಟು ಅಳೆಯುವ ಪದ್ಧತಿ) ಓದಿಕೊಂಡು ಬನ್ನಿ. ಟ್ಯೂಬ್ಯೂಲ್ (ಜೀವಕೋಶಗಳು ಕೊಳವೆಯಂತೆ ಜೋಡಿಸಿಕೊಂಡಿರುವುದು), ನ್ಯೂಕ್ಲಿಯಸ್ (ಕೋಶಕೇಂದ್ರದ ಗಾತ್ರ, ಆಕಾರ), ಮೈಟೋಸಿಸ್ (ಜೀವಕೋಶ ವಿಭಜನೆ) ಮೂರಕ್ಕೂ 1ರಿಂದ 3 ಅಂಕ. ಒಟ್ಟು 3–5 ಬಂದರೆ ಗ್ರೇಡ್ 1, 6–7 ಆದರೆ 2, 8–9 ಆದರೆ 3. ಮೈಟೋಸಿಸ್ ಎಣಿಸುವಾಗ ಆತುರ ಬೇಡ. ಸಾಯುತ್ತಿರುವ ಜೀವಕೋಶದ ಮುದುಡಿದ ನ್ಯೂಕ್ಲಿಯಸ್ಸೂ ಮೈಟೋಸಿಸ್‌ನಂತೆಯೇ ಕಾಣುತ್ತದೆ. ನಿಮ್ಮ ಮೈಕ್ರೋಸ್ಕೋಪಿನ ಫೀಲ್ಡ್ ವ್ಯಾಸ (ಒಮ್ಮೆಗೆ ಕಾಣುವ ವೃತ್ತದ ಅಗಲ) ಬರೆದುಕೊಂಡು ಬನ್ನಿ, ಅದಿಲ್ಲದೆ ಸುಮ್ನೆ ಎಣಿಸಿದರೆ ಅಂಕ ಕೊಡಲು ಬರುವುದಿಲ್ಲ. ನಾವು ಬರೆಯುವ ಗ್ರೇಡ್ ನೋಡಿಯೂ ಒಬ್ಬ ಹೆಣ್ಣುಮಗಳ ಚಿಕಿತ್ಸೆ ನಿರ್ಧಾರವಾಗುತ್ತದೆ ಅಲ್ವಾ?

ಸ್ಲೈಡ್ ಫೋಟೊ ಹಾಕುವವರು ರೋಗಿಯ ಹೆಸರು, ನಂಬರ್ ಮುಚ್ಚಿ ಹಾಕಿ. ಕೂರುವ ಜಾಗ ಕಡಿಮೆ ಇದೆ, ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.