ಹಳೆಯ ರುಜು, ಇಲ್ಲದ ಕೈ

ಇವರಿಗೆ,
ಪ್ರಾದೇಶಿಕ ವ್ಯವಸ್ಥಾಪಕರು,
ಪ್ರಾದೇಶಿಕ ಕಚೇರಿ, ಮೈಸೂರು

ವಿಷಯ: ನನ್ನ ಖಾತೆಯಲ್ಲಿರುವ ನನ್ನ ಹಣವನ್ನು ನನಗೇ ಕೊಡದಿರುವ ಬಗ್ಗೆ

ಮಾನ್ಯರೇ,

ಈ ಪತ್ರವನ್ನು ಎಡಗೈಯಲ್ಲಿ ಬರೆದಿದ್ದೇನೆ. ಅಕ್ಷರಗಳು ಅಲ್ಲಲ್ಲಿ ವಾಲಿದ್ದರೆ ದಯವಿಟ್ಟು ಕ್ಷಮಿಸಬೇಕು. ನಿಮ್ಮ ಶಾಖೆಯವರು ಇದೇ ತಪ್ಪಿಗೆ ಐದು ತಿಂಗಳಿಂದ ನನ್ನನ್ನು ಕ್ಷಮಿಸಿಲ್ಲ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಪಿಯುಸಿವರೆಗೆ ಓದಿದ್ದೇನೆ. ಎರಡು ವರ್ಷದ ಹಿಂದೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ಬಲಗೈ ಸಿಕ್ಕಿಕೊಂಡಿತು. ಮೊಣಕೈಯಿಂದ ಕೆಳಗೆ ತೆಗೆದರು. ಆ ಕಥೆ ಇಲ್ಲಿ ಬೇಡ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಅಂಗವೈಕಲ್ಯ ಶೇ 70 ಎಂದು ನಮೂದಾಗಿದೆ. ತಿಂಗಳಿಗೆ 800 ರೂಪಾಯಿ ಅಂಗವಿಕಲ ವೇತನ ಬರುತ್ತದೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ನಾನೇ ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬರುತ್ತದೆ. ಎರಡೂ ನಿಮ್ಮ ಶಾಖೆಯಲ್ಲಿರುವ ನನ್ನ ಜನಧನ ಖಾತೆಗೆ ಸೇರುತ್ತವೆ. ಕಂತುಗಳು ಕೆಲವು ಸಲ ತಡವಾಗುವುದುಂಟು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ, ಸರ್ಕಾರದ ತಪ್ಪನ್ನು ಸರ್ಕಾರಕ್ಕೇ ಬಿಟ್ಟಿದ್ದೇನೆ. ಆದರೆ ತಡವಾಗಿಯಾದರೂ ಬಂದ ಹಣ ಈಗ 16,840 ರೂಪಾಯಿ ಆಗಿದೆ. ಪಾಸ್‌ಬುಕ್ಕಿನಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಹೊರಗೆ ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಮೊದಲು ನಮ್ಮೂರಿನ ಬ್ಯಾಂಕ್ ಮಿತ್ರರ ಯಂತ್ರಕ್ಕೆ ಎಡಗೈ ಬೆರಳು ಒತ್ತಿ ಹಣ ತೆಗೆದುಕೊಳ್ಳುತ್ತಿದ್ದೆ. ಎರಡು ಕೈ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಒಂದೇ ಕೈ ಮಾಡುತ್ತದೆ. ಪಾತ್ರೆ, ಬಟ್ಟೆ, ಕೊಟ್ಟಿಗೆ ಎಲ್ಲವೂ ಅದರದೇ. ಹಾಗಾಗಿ ಬೆರಳ ಗೆರೆಗಳು ಸವೆದಿವೆ. ಐದು ತಿಂಗಳ ಹಿಂದೆ ಯಂತ್ರ ನನ್ನನ್ನು ಗುರುತಿಸುವುದನ್ನು ನಿಲ್ಲಿಸಿತು. ಪಾಪ, ಅದು ಯಂತ್ರ. ಬ್ಯಾಂಕ್ ಮಿತ್ರರು, ‘ಶಾಖೆಗೇ ಹೋಗಿ, ಚೀಟಿ ಬರೆದುಕೊಟ್ಟರೆ ಎರಡು ನಿಮಿಷದ ಕೆಲಸ’ ಎಂದರು. ಆ ಎರಡು ನಿಮಿಷ ಇನ್ನೂ ಮುಗಿದಿಲ್ಲ.

ಇದುವರೆಗೆ ಹನ್ನೊಂದು ಸಲ ಶಾಖೆಗೆ ಬಂದಿದ್ದೇನೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲದಿರುವುದರಿಂದ ಬರಲು ಸಾಧ್ಯವಾಯಿತು, ಇಲ್ಲವಾದರೆ ನನ್ನ ಹಣ ಕೇಳುವುದಕ್ಕೇ ಸಾಲ ಮಾಡಬೇಕಾಗಿತ್ತು. ನಿಮ್ಮ ಉಚಿತ ಸಹಾಯವಾಣಿಗೆ ನಾಲ್ಕು ಸಲ ಕರೆ ಮಾಡಿದ್ದೇನೆ. ನಾಲ್ಕು ಸಲವೂ ದೂರಿನ ಸಂಖ್ಯೆ ಕೊಟ್ಟರು. ನಾಲ್ಕು ಸಲವೂ ಮೂರನೆಯ ದಿನಕ್ಕೆ, ನಿಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ ಎಂದು ಇಂಗ್ಲಿಷಿನಲ್ಲಿ ಸಂದೇಶ ಬಂತು. ತೃಪ್ತಿ ಯಾರಿಗಾಯಿತು ಎಂದು ಅದರಲ್ಲಿ ಬರೆದಿರಲಿಲ್ಲ.

ಇಷ್ಟಾದರೂ ಪತ್ರ ಬರೆಯುವ ಯೋಚನೆ ಇರಲಿಲ್ಲ. ಬರೆಸಿದ್ದು 2025ರ ಡಿಸೆಂಬರ್ 4, ಗುರುವಾರ. ಹಿಂದಿನ ದಿನ ವಿಶ್ವ ಅಂಗವಿಕಲರ ದಿನ. ಅದರ ಬ್ಯಾನರ್ ಶಾಖೆಯ ಬಾಗಿಲಲ್ಲಿ ಇನ್ನೂ ಕಟ್ಟಿತ್ತು. ಒಳಗೆ ಗೋಡೆಯ ಮೇಲೆ ‘ವಿಶೇಷಚೇತನರಿಗೆ ಆದ್ಯತೆ’ ಎಂಬ ಫಲಕ. (ನಮ್ಮನ್ನು ಮೊದಲು ಅಂಗವಿಕಲರು ಎಂದರು, ಆಮೇಲೆ ವಿಕಲಚೇತನರು ಎಂದರು, ಈಗ ವಿಶೇಷಚೇತನರು. ಹೆಸರು ಏರುತ್ತಲೇ ಇದೆ, ಕೌಂಟರಿನ ಎತ್ತರ ಮಾತ್ರ ಇಳಿದಿಲ್ಲ.) ಆ ಫಲಕದ ಕೆಳಗೆ ನಲವತ್ತು ನಿಮಿಷ ನಿಂತಿದ್ದೆ.

ಹನ್ನೊಂದೂ ಕಾಲಕ್ಕೆ ನನ್ನ ಸರದಿ ಬಂತು. ಹಣ ತೆಗೆಯುವ ಚೀಟಿಯಲ್ಲಿ 3,000 ಎಂದು ಬರೆದಿದ್ದೆ. ಬರೆಯುವಾಗ ಚೀಟಿ ಜಾರುತ್ತದೆಂದು ಬಲಮೊಣಕೈಯನ್ನು ಅದರ ಮೇಲೆ ಊರಿ ರುಜು ಹಾಕಿದ್ದೆ. ಎರಡನೆಯ ಕೌಂಟರಿನ ಅಧಿಕಾರಿಗಳು ಚೀಟಿಯನ್ನು ಒಮ್ಮೆ, ಕಂಪ್ಯೂಟರನ್ನು ಒಮ್ಮೆ ನೋಡಿದರು. ಅವರ ಕೈಯಲ್ಲಿ ಚಹಾದ ಲೋಟ ಇತ್ತು.

“ಇದು ಯಾರ ರುಜು?”

“ನನ್ನದೇ ಸಾರ್.”

“ಇಲ್ಲಿರುವುದು ಬೇರೆ.”

“ಅದು ಬಲಗೈಯದು ಸಾರ್. ಇದು ಎಡಗೈಯದು.”

“ಹಾಗಾದರೆ ಬಲಗೈಯಲ್ಲೇ ಹಾಕಿ.”

ನಾನು ಸೆರಗು ಸರಿಸಿ ತೋರಿಸಿದೆ. ಅಲ್ಲಿಯವರೆಗೆ ಅವರು ನೋಡಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ನೋಡಿದ ಮೇಲೆ ಚಹಾ ಒಂದು ಗುಟುಕು ಕುಡಿದು ಹೇಳಿದರು: “ರುಜು ಬದಲಾವಣೆಗೆ ಅರ್ಜಿ ಕೊಡಿ.”

“ಮೂರು ಸಲ ಕೊಟ್ಟಿದ್ದೇನೆ ಸಾರ್.”

ಕಡತ ತರಿಸಿದರು. ಮೂರು ಅರ್ಜಿಗಳೂ ಅದರಲ್ಲಿದ್ದವು, ಅದು ಅವರ ಒಳ್ಳೆಯತನ. “ಇದರಲ್ಲಿ ಹಳೆಯ ರುಜುವಿನ ಜಾಗ ಖಾಲಿ ಬಿಟ್ಟಿದ್ದೀರಿ. ಹಳೆಯ ರುಜು ತಾಳೆಯಾಗದೆ ಹೊಸದನ್ನು ತೆಗೆದುಕೊಳ್ಳಲು ಬರುವುದಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನಗೂ ನಗು ಬರಬೇಕಿತ್ತು. ಹಳೆಯ ರುಜು ಇದ್ದದ್ದು ಹಳೆಯ ಕೈಯಲ್ಲಿ. ಆ ಕೈಯನ್ನು ಆಸ್ಪತ್ರೆಯವರು ಏನು ಮಾಡಿದರೆಂದು ನಾನು ಕೇಳಿಕೊಂಡಿಲ್ಲ, ಕೇಳಿಕೊಂಡಿದ್ದರೆ ನಿಮ್ಮ ಅರ್ಜಿಗೆ ಲಗತ್ತಿಸಬಹುದಿತ್ತೇನೋ.

“ಹಾಗಾದರೆ ಹೆಬ್ಬೆಟ್ಟು ತೆಗೆದುಕೊಳ್ಳಿ ಸಾರ್. ಸಾಕ್ಷಿಗೆ ಊರಿನವರು ಇದ್ದಾರೆ.”

“ನೀನು ಓದಿದವಳು. ಓದಿದವರು ಹೆಬ್ಬೆಟ್ಟು ಒತ್ತುವ ಹಾಗಿಲ್ಲ.”

‘ನೀವು’ ಹೋಗಿ ‘ನೀನು’ ಬಂದದ್ದು ಇಲ್ಲಿ. ಚೀಟಿಯಲ್ಲಿ ರುಜು ತಾಳೆಯಾಗದಿದ್ದರೆ ಗಮನಿಸುವ ಜನಕ್ಕೆ ಇದನ್ನು ನಾನೂ ಗಮನಿಸುತ್ತೇನೆಂದು ಹೊಳೆಯಲಿಲ್ಲ.

ನಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಒಂದು ಕಾಗದ ಮಾಡಿಕೊಟ್ಟಿದ್ದರು, ಗ್ರಾಹಕ ಸೇವೆಯ ಬಗ್ಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾಸ್ಟರ್ ಸುತ್ತೋಲೆಯದು. ಅದನ್ನು ಬಿಚ್ಚಿ, ರುಜು ಮಾಡಲಾಗದ ವೃದ್ಧರು, ರೋಗಿಗಳು, ಅಶಕ್ತರ ಹೆಬ್ಬೆಟ್ಟಿನ ಗುರುತನ್ನಾಗಲಿ ಕಾಲ್ಬೆರಳಿನ ಗುರುತನ್ನಾಗಲಿ ಪಡೆದು ಹಣ ಕೊಡಬಹುದು, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಸಾಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು ಎಂದು ಹೇಳಿದೆ. ಅಧಿಕಾರಿಗಳು ಅಷ್ಟರಲ್ಲಿ ಒಂದೇ ಪದ ಕೇಳಿಸಿಕೊಂಡರು.

“ಕಾಲ್ಬೆರಳೇ?” ಎಂದರು, ನಗದು ಕೌಂಟರಿನವರಿಗೂ ಕೇಳಿಸುವಂತೆ. “ಕೌಂಟರಿನ ಮೇಲೆ ಕಾಲಿಡುತ್ತೀಯೇನಮ್ಮ? ಇಲ್ಲಿ ಲಕ್ಷ್ಮೀಪೂಜೆ ಮಾಡುತ್ತೇವೆ. ಗಂಡನನ್ನು ಕರೆದುಕೊಂಡು ಬಾ, ಜಂಟಿ ಖಾತೆ ಮಾಡಿಕೊಡುತ್ತೇನೆ. ಅವನಿಗಾದರೂ ಎರಡು ಕೈ ಇವೆ ತಾನೆ?”

ಈ ಸಲ ನಕ್ಕವರು ಒಬ್ಬರಲ್ಲ. ಚೀಟಿಯನ್ನು ಕಿಂಡಿಯಿಂದ ಹೊರಗೆ ತಳ್ಳಿದರು, ಅದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಕಂಕುಳಲ್ಲಿದ್ದ ಪಾಸ್‌ಬುಕ್ಕೂ ಬಿತ್ತು, ಅದರ ಹಿಂದೆಯೇ ಚೀಲ. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಎಲ್ಲವನ್ನೂ ಎತ್ತಿಕೊಟ್ಟಳು, ವಿದ್ಯಾರ್ಥಿವೇತನ ಕೇಳಲು ಬಂದಿದ್ದಳಂತೆ. ಆ ಶಾಖೆಯಲ್ಲಿ ನನಗೆ ಸಿಕ್ಕ ಒಂದೇ ಗ್ರಾಹಕ ಸೇವೆ ಅದು.

ನಿಮ್ಮ ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಎರಡೂ ಕೈ ಕಳೆದುಕೊಂಡವರು ಗುರುತು ಹಾಕಿ ಖಾತೆ ನಡೆಸಬಹುದು ಎಂದು ಅದೇ ಸುತ್ತೋಲೆಯಲ್ಲಿದೆ. ಅದಕ್ಕೆ ಸುಪ್ರೀಂ ಕೋರ್ಟಿನ 1950ರ ತೀರ್ಪಿನ ಆಧಾರವನ್ನೂ ಕೊಟ್ಟಿದ್ದಾರೆ. ಹಾಗಾದರೆ ನನ್ನ ಅಪರಾಧ ಒಂದು ಕೈ ಉಳಿಸಿಕೊಂಡದ್ದು. ಅಂಗವಿಕಲರಿಗೆ, ಎಪ್ಪತ್ತು ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲಿ ಹೇಳಿತ್ತು. ನನ್ನ ಮನೆ ಬಾಗಿಲಿಗೆ ಬನ್ನಿ ಎಂದು ನಾನು ಕರೆಯಲಿಲ್ಲ, ನಾನೇ ನಿಮ್ಮ ಬಾಗಿಲಿಗೆ ಹನ್ನೊಂದು ಸಲ ಬಂದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 13ನೆಯ ಸೆಕ್ಷನ್ ಪ್ರಕಾರ ನನ್ನ ಹಣಕಾಸಿನ ವ್ಯವಹಾರ ನೋಡಿಕೊಳ್ಳುವ ಹಕ್ಕು ಬೇರೆಯವರಷ್ಟೇ ನನಗೂ ಇದೆ. ಗಂಡನನ್ನು ಕರೆದುಕೊಂಡು ಬರಬೇಕೆಂದು ಅದರಲ್ಲಿ ಎಲ್ಲೂ ಇಲ್ಲ. ಮನೆಯ ಯಜಮಾನಿಯ ಕೈಗೇ ಸೇರಲಿ ಎಂದು ಕೊಡುವ ಹಣಕ್ಕೆ ಯಜಮಾನನ ಕೈ ಕೇಳುವವರು ಆ ಯೋಜನೆಯ ಹೆಸರನ್ನಾದರೂ ಒಮ್ಮೆ ಓದಬೇಕಿತ್ತು. ನನ್ನ ಗಂಡನ ಎರಡು ಕೈಗಳು ಏನು ಮಾಡುತ್ತವೆ ಎಂಬುದು ಬೇರೆಯೇ ದೂರು, ಅದಕ್ಕೆ ಬೇರೆ ಪತ್ರ ಬೇಕು.

ಎಟಿಎಂ ಕಾರ್ಡಿಗೂ ಅರ್ಜಿ ಕೊಟ್ಟೆ, ಅದಕ್ಕೂ ಹಳೆಯ ರುಜುವೇ ಬೇಕಂತೆ. ಮೊಬೈಲ್ ಆ್ಯಪ್‌ಗೆ ಎಟಿಎಂ ಕಾರ್ಡು ಬೇಕಂತೆ. ಆದರೆ ಇದೇ ಐದು ತಿಂಗಳಲ್ಲಿ ಎಸ್‌ಎಂಎಸ್ ಶುಲ್ಕವೆಂದು ನನ್ನ ಖಾತೆಯಿಂದ ಎರಡು ಸಲ 17 ರೂಪಾಯಿ 70 ಪೈಸೆ ತೆಗೆದಿದ್ದೀರಿ. ಅದಕ್ಕೆ ನನ್ನ ರುಜು ಬೇಕಾಗಲಿಲ್ಲ. ಎಡಗೈಯದೂ ಬೇಕಾಗಲಿಲ್ಲ.

ಇಷ್ಟು ಕಾಲ ಅಂಗಡಿಯ ಬಾಕಿ 4,200 ರೂಪಾಯಿಗೆ ಏರಿದೆ. ಮಗಳ ಕಾಲೇಜು ಶುಲ್ಕಕ್ಕೆ ಸಂಘದಿಂದ ಸಾಲ ತೆಗೆದುಕೊಂಡು ಬಡ್ಡಿ ಕಟ್ಟುತ್ತಿದ್ದೇನೆ. ನನ್ನ 16,840 ರೂಪಾಯಿ ನಿಮ್ಮಲ್ಲಿ ಮಲಗಿರುವಾಗ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ನನ್ನ ಎಡಗೈ ರುಜುವನ್ನು ದಾಖಲಿಸಿಕೊಳ್ಳಿ, ಎಟಿಎಂ ಕಾರ್ಡು ಕೊಡಿ, ಆ 35 ರೂಪಾಯಿ 40 ಪೈಸೆಯನ್ನು ಖಾತೆಗೆ ಹಿಂದಿರುಗಿಸಿ. ಆ ಅಧಿಕಾರಿಗಳಿಂದ ಕ್ಷಮೆ ಕೇಳಿಸಿ ಎಂದು ಬರೆಯಬೇಕೆಂದಿದ್ದೆ. ಹೇಳಿಸಿಕೊಂಡ ಕ್ಷಮೆ ನನಗೆ ಬೇಡ. ಬದಲಿಗೆ ಡಿಸೆಂಬರ್ 4ರ ಬೆಳಿಗ್ಗೆ 11ರಿಂದ 11.30ರವರೆಗೆ ಎರಡನೆಯ ಕೌಂಟರಿನ ಮೇಲಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಟ್ಟುಕೊಳ್ಳಿ. ಅಂಗವಿಕಲ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ ಅದೇ ಕಾಯ್ದೆಯ 92ನೆಯ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ. ಸಾಲಿನಲ್ಲಿದ್ದ ಏಳು ಜನರಲ್ಲಿ ಮೂವರು ನಮ್ಮೂರಿನವರು. ನಕ್ಕವರೂ ಸಾಕ್ಷಿಗಳೇ.

ಈ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿದ್ದೇನೆ. ಮೂವತ್ತು ದಿನ ಎಣಿಸುತ್ತೇನೆ. ಆಮೇಲೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತೇನೆ, ಅಲ್ಲಿ ಶುಲ್ಕವಿಲ್ಲ. ಇನ್ನೊಂದು ಪ್ರತಿ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ಹೋಗುತ್ತದೆ. ಅಷ್ಟೇ ಅಲ್ಲ. ನಮ್ಮ ಸ್ತ್ರೀಶಕ್ತಿ ಸಂಘದ ಹದಿನೆಂಟು ಜನರ ಖಾತೆಗಳೂ, ಸಂಘದ ಉಳಿತಾಯವೂ ನಿಮ್ಮಲ್ಲೇ ಇವೆ. ಎಲ್ಲವನ್ನೂ ಅಂಚೆ ಕಚೇರಿಗೆ ಸಾಗಿಸುವ ಮಾತು ಕಳೆದ ವಾರದ ಸಭೆಯಲ್ಲಿ ಬಂದಿದೆ. ನಿರ್ಣಯ ಪುಸ್ತಕದಲ್ಲಿ ಅದನ್ನು ಬರೆದವಳೂ ನಾನೇ, ಎಡಗೈಯಲ್ಲಿ.

ಮೂವತ್ತೊಂದನೆಯ ದಿನ ಹದಿನೆಂಟು ಜನರೂ ಶಾಖೆಗೆ ಬರುತ್ತೇವೆ. ಅಂದು ನಿಮ್ಮ ಸುತ್ತೋಲೆಯಲ್ಲಿ ಇರುವಂತೆಯೇ ಹಣ ತೆಗೆಯುವ ಚೀಟಿಯ ಮೇಲೆ ಕಾಲ್ಬೆರಳಿನ ಗುರುತನ್ನೇ ಒತ್ತುತ್ತೇನೆ. ಕೌಂಟರಿನ ಮೇಲೆ ಕಾಲಿಡಲು ಸ್ಟೂಲು ನಾವೇ ತರುತ್ತೇವೆ. ಲಕ್ಷ್ಮೀಪೂಜೆಯ ಜಾಗವಾದ್ದರಿಂದ ಕಾಲು ತೊಳೆದುಕೊಂಡೇ ಬರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
(ಎಡಗೈ ರುಜು)

ಅಡಕ: ಪಾಸ್‌ಬುಕ್ಕಿನ ಪ್ರತಿ, ಯುಡಿಐಡಿ ಕಾರ್ಡಿನ ಪ್ರತಿ, ಹಣ ತೆಗೆಯುವ ಚೀಟಿ ಒಂದು (ನೆಲದಿಂದ ಎತ್ತಿಕೊಂಡದ್ದು).