ಒಪ್ಪಿಗೆ ಕೇಳುವುದಾದರೆ ಕನ್ನಡದಲ್ಲಿ ಕೇಳಿ

ಮಾನ್ಯ ಸಂಪಾದಕರೇ,

ಅರಸೀಕೆರೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ ಹಾಕಿಸಲು ಬಂದವರ ಫೋನ್ ತೆರೆದರೆ ಒಳಗಿನ ಆ್ಯಪ್‌ಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ರಾಶಿಫಲ ಹೇಳುವ ಆ್ಯಪ್‌ಗೆ ಮೈಕ್ ಯಾಕೆ? ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಏನೋ ಇಂಗ್ಲಿಷಲ್ಲಿ ಬಂತಣ್ಣ, ಅಲೋ ಅಂತ ಒತ್ತಿದೆ."

ನಮ್ಮ ಗಿರಾಕಿಯೊಬ್ಬರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗನ ಫೀಸಿಗೆಂದು ಒಂದು ಆ್ಯಪ್‌ನಲ್ಲಿ ಸಣ್ಣ ಸಾಲ ತೆಗೆದುಕೊಂಡಿದ್ದರು. ಕಂತು ತಡವಾಯಿತು. ಆಗ ಅವರ ಅತ್ತಿಗೆಗೆ, ಬ್ಲೌಸ್ ಹೊಲಿಸಲು ಬರುವವರಿಗೆ, ಮಗನ ಟೀಚರಿಗೆ, ಕೊನೆಗೆ ನನಗೂ ಫೋನ್ ಬಂತು. "ನಿಮ್ಮವರು ದುಡ್ಡು ಕಟ್ಟಿಲ್ಲ, ನೀವು ಹೇಳಿ" ಅಂತ ದಬಾಯಿಸಿದರು. ನನ್ನ ನಂಬರ್ ಅವರಿಗೆ ಸಿಕ್ಕಿದ್ದು ಆಕೆಯ ಕಾಂಟ್ಯಾಕ್ಟ್ಸ್‌ನಿಂದ. ನಾನು ಆ ಆ್ಯಪ್‌ನ ಹೆಸರೂ ಕೇಳಿರಲಿಲ್ಲ, ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಆಕೆಯನ್ನು ಬೈದು ಪ್ರಯೋಜನವಿಲ್ಲ. ಏನಕ್ಕೆ ಒಪ್ಪುತ್ತಿದ್ದೇನೆಂದು ಆಕೆಗೆ ತಿಳಿಯುವ ಹಾಗೆ ಅಲ್ಲಿ ಬರೆದೇ ಇರಲಿಲ್ಲ.

ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೊಗಳನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳಿತೋ, ತಕ್ಷಣ ತೆಗೆದುಹಾಕಿ. ಉಳಿದ ಆ್ಯಪ್‌ಗಳನ್ನೂ ಸೆಟ್ಟಿಂಗ್ಸ್‌ನ ಪರ್ಮಿಷನ್ ಮ್ಯಾನೇಜರ್‌ನಲ್ಲಿ ನೋಡಿ. ಬೇಡದ್ದನ್ನು ಅಲ್ಲೇ ನಿಲ್ಲಿಸಬಹುದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ! ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 5ನೇ ಸೆಕ್ಷನ್ ನನಗೆ ಬಹಳ ಹಿಡಿಸಿತು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಸಂವಿಧಾನದ 8ನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕಂಪನಿ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ.

ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ನೋಟಿಸಿನಂಥ ಮುಖ್ಯ ವಿಷಯಗಳಿಗೆ ಕಂಪನಿಗಳಿಗೆ 18 ತಿಂಗಳ ಗಡುವು ಸಿಕ್ಕಿದೆ. ಅಲ್ಲಿಯವರೆಗೆ ಸುಮ್ನೆ ಕೂರಬೇಕೆಂದೇನೂ ಇಲ್ಲ. ದಸರಾ ಆಫರ್ ಮಾತ್ರ ಚೆಂದದ ಕನ್ನಡದಲ್ಲೇ ಬರುತ್ತದೆ, ಅಲ್ವಾ? "ನಿಮ್ಮ ಫೋನಿನಲ್ಲಿರುವ ನಂಬರ್‌ಗಳನ್ನೆಲ್ಲ ತೆಗೆದುಕೊಳ್ಳುತ್ತೇವೆ" ಎಂದು ಅದೇ ಕನ್ನಡದಲ್ಲಿ ಬರೆದರೆ ಅಲೋ ಒತ್ತುವವರು ಕಡಿಮೆಯಾಗುತ್ತಾರೆ. ಕಂಪನಿಗಳ ತೊಂದರೆ ಅದೇ ಇರಬೇಕು.

ನಮ್ಮ ರಾಜ್ಯದಲ್ಲಿ ವ್ಯವಹಾರ ಮಾಡುವ ಬ್ಯಾಂಕು, ಆಸ್ಪತ್ರೆ, ಶಾಲೆಗಳ ಆ್ಯಪ್‌ಗಳು ಈಗಲೇ ಕನ್ನಡ ನೋಟಿಸ್ ಹಾಕಲಿ. ಹಾಕದವರನ್ನು ಗ್ರಾಹಕರು ಕೇಳಲಿ, ಜಾಸ್ತಿ ಜನ ಕೇಳಿದಷ್ಟೂ ಒಳ್ಳೆಯದು. ಸಂಪಾದಕರೇ, ನಿಮ್ಮ ಪತ್ರಿಕೆಯ ಆ್ಯಪ್‌ನ ಪ್ರೈವಸಿ ಪಾಲಿಸಿಯೂ ಇಂಗ್ಲಿಷ್‌ನಲ್ಲೇ ಇದೆ. ಅದನ್ನೂ ಸ್ವಲ್ಪ ನೋಡಿ.

– ಒಬ್ಬ ಓದುಗ, ಅರಸೀಕೆರೆ