ಸಣ್ಣ ಶಾಲೆಯ ಅಂಕಿಅಂಶಗಳನ್ನು ಓದುವಾಗ

ಗುಂಪಿನ ಎಲ್ಲ ಪೋಷಕರಿಗೆ ನಮಸ್ಕಾರ. ಕ್ಯಾಲಿಫೋರ್ನಿಯಾದ ಕಂಟಿನ್ಯುಯೇಷನ್ ಹೈಸ್ಕೂಲುಗಳ ಫಲಿತಾಂಶವನ್ನು ಇಲ್ಲಿ ಹಂಚಿಕೊಳ್ಳುವ ಮುನ್ನ, ಅವು 16 ವರ್ಷ ತುಂಬಿದ, ಕ್ರೆಡಿಟ್‌ಗಳಲ್ಲಿ (ಪಾಠಗಳನ್ನು ಮುಗಿಸಿದ್ದಕ್ಕೆ ಸಿಗುವ, ಪದವಿಗೆ ಬೇಕಾದ ಅಂಶಗಳಲ್ಲಿ) ಹಿಂದೆ ಬಿದ್ದು ಹೈಸ್ಕೂಲು ಮುಗಿಸಲಾಗದ ಆತಂಕದಲ್ಲಿರುವ ಮಕ್ಕಳಿಗಾಗಿಯೇ ನಡೆಯುವ ಸರ್ಕಾರಿ ಶಾಲೆಗಳೆಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಹಲವರು ವರ್ಷದ ನಡುವೆ ಬಂದು ಸೇರುತ್ತಾರೆ, ಕೆಲವರು ದುಡಿಯುತ್ತಲೇ ಓದುತ್ತಾರೆ. ಅವರ ಗಣಿತದ ಅಂಕಗಳನ್ನು ಪಕ್ಕದ ದೊಡ್ಡ ಹೈಸ್ಕೂಲಿನವರೊಂದಿಗೆ ಹೋಲಿಸುವುದು ಖಂಡಿತ ನ್ಯಾಯವಲ್ಲ. ಶಾಲೆಗಳ ಫಲಿತಾಂಶ ಪ್ರಕಟಿಸುವ ರಾಜ್ಯದ ಜಾಲತಾಣವಾದ ಡ್ಯಾಶ್‌ಬೋರ್ಡ್‌ನಲ್ಲಿ 11ಕ್ಕಿಂತ ಕಡಿಮೆ ಮಕ್ಕಳಿರುವ ಜನಾಂಗೀಯ ಗುಂಪಿನ ಫಲಿತಾಂಶವನ್ನು, ಮಕ್ಕಳ ಗುರುತು ಬಯಲಾಗದಿರಲೆಂದು, ತೋರಿಸುವುದಿಲ್ಲ. ಆ ಖಾಲಿ ಜಾಗವನ್ನು ಸೊನ್ನೆಯೆಂದು ಓದಬಾರದು. 20 ಮಕ್ಕಳು ಪರೀಕ್ಷೆ ಬರೆದಲ್ಲಿ ಒಬ್ಬರ ಫಲಿತಾಂಶವೇ ಶಾಲೆಯ ಲೆಕ್ಕವನ್ನು ಶೇ. 5ರಷ್ಟು ಏರಿಳಿಸುತ್ತದೆ. ಯಾವುದೇ ಮಗುವಿನ ಗುರುತು ಹಿಡಿಯಬಹುದಾದ ವಿವರವನ್ನು ಇಲ್ಲಿ ಹಾಕಬೇಡಿರೆಂದು ಕಳಕಳಿಯ ವಿನಂತಿ.